ಸರಮೆ ಕೇಳಿದ ಪ್ರಶ್ನೆ

ನಾಯಿ ಸಾಕುವ ಆಸೆ ನನಗೆ ಎಂದೂ ಇರಲಿಲ್ಲ. ಬೀದಿಯ ನಾಯಿಗೆ ಮಿಕ್ಕ ಅನ್ನ ಹಾಕಿ ಬಾಗಿಲು ಮುಚ್ಚಿಕೊಳ್ಳುವಷ್ಟು ದಯೆ ಮಾತ್ರ ನನ್ನಲ್ಲಿತ್ತು. ಅಂಥವಳ ಮನೆಗೆ ಹೋದ ವರ್ಷ ಶ್ರಾವಣದಲ್ಲಿ ಮಗ ಒಂದು ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದ. ಮೊಮ್ಮಗ ಅದಕ್ಕೆ ರಾಕಿ ಎಂದು ಹೆಸರಿಟ್ಟ. 2018ರಲ್ಲಿ ನಮ್ಮೂರಿನ ಹೆಸರಿನ ಸಿನಿಮಾ ಬಂದ ಮೇಲೆ ಚಾಂಪಿಯನ್ ರೀಫ್ಸಿನಲ್ಲಿ ಮನೆಗೊಂದು ರಾಕಿ. ಸಂಜೆ ಬಾಗಿಲಲ್ಲಿ ನಿಂತು ಆ ಹೆಸರು ಕೂಗಿದರೆ ಮೂರು ಬೀದಿಯಿಂದ ನಾಯಿಗಳು ಓಡಿ ಬರುತ್ತವೆ.

ಮರಿ ಮೊಮ್ಮಗನದು ಎನ್ನುವುದು ಹೆಸರಿಗೆ. ಮಗ, ಸೊಸೆ ಇಬ್ಬರೂ ಬೆಳಕು ಹರಿಯುವ ಮೊದಲೇ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು. ಮನೆ ಸೇರುವುದು ಕತ್ತಲಾದ ಮೇಲೆ. ಗಣಿ ಮುಚ್ಚಿದಂದಿನಿಂದ ಈ ಊರಿನ ಸಾವಿರಾರು ಮನೆಗಳ ಕಥೆ ಇದೇ. ಮೊಮ್ಮಗ ಶಾಲೆಗೆ ಹೋದರೆ ಉಳಿಯುವವರು ನಾನು ಮತ್ತು ಮರಿ. ನನಗೆ ಅಡಿಗೆ ಇದೆ, ದಿನಪತ್ರಿಕೆ ಇದೆ, ಮಧ್ಯಾಹ್ನದ ನಿದ್ದೆ ಇದೆ. ಅದಕ್ಕೆ ಏನಿದೆ ಎಂದು ಆಗ ನಾನು ಯೋಚಿಸಲಿಲ್ಲ.

ಎರಡು ತಿಂಗಳು ಮುದ್ದಾಗಿ ಮಲಗಿತ್ತು. ಆಮೇಲೆ ಶುರುವಾಯಿತು ನೋಡಿ. ಮೊದಲು ಸೊಸೆಯ ಚಪ್ಪಲಿ, ಆಮೇಲೆ ಪೊರಕೆ, ಆಮೇಲೆ ಕೂರುವ ಮಣೆಯ ಮೂಲೆ. ಫೋನಿನ ಚಾರ್ಜರಿನ ವೈರು ಕಚ್ಚಿದ ದಿನ ದೇವರು ದೊಡ್ಡವನು, ಕರೆಂಟು ಹೋಗಿತ್ತು. ಕಚ್ಚಲು ಏನೂ ಸಿಗದ ದಿನ ಅಗೆತ. ನಾನು ಮಗುವಿನಂತೆ ಬೆಳೆಸಿದ್ದ ಕನಕಾಂಬರದ ಸಾಲು ಒಂದು ಮಧ್ಯಾಹ್ನದ ನಿದ್ದೆಯೊಳಗೆ ಬೇರು ಮೇಲಾಗಿ ಬಿದ್ದಿತ್ತು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ನೋಡಿ, "ಎರಡು ಏಟು ಹಾಕಕ್ಕಾ, ತಾನಾಗಿ ಬುದ್ಧಿ ಬರುತ್ತೆ" ಎಂದಳು. ಮನೆಯಲ್ಲಿ ತಮಿಳಾಡುವ ಆಕೆಗೆ ನನ್ನೊಡನೆ ಕನ್ನಡದಲ್ಲಿ ಮಾತಾಡುವುದೆಂದರೆ ಪ್ರೀತಿ. ಹಾಗಾಗಿ ಆಕೆಯ ಸಲಹೆಗಳನ್ನು ನಾನು ತೆಗೆದುಹಾಕುವುದಿಲ್ಲ. ಆ ದಿನ ಹೊಡೆಯಲಿಲ್ಲ. ವರಾಂಡದ ಕಂಬಕ್ಕೆ ಕಟ್ಟಿಹಾಕಿದೆ. ಕಟ್ಟಿಹಾಕಿದ ಮೇಲೆ ಅದು ಹಗ್ಗವನ್ನೇ ಕಚ್ಚತೊಡಗಿತು.

ಅಗೆಯುವುದನ್ನು ದುರ್ಗುಣ ಎನ್ನಲು ನಮ್ಮೂರಿಗೆ ಯಾವ ಬಾಯಿದೆ ಎಂದು ಈಗ ನಗು ಬರುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದಂದಿನಿಂದ 2001ರ ಫೆಬ್ರವರಿ 28ರವರೆಗೆ ಇಲ್ಲಿ ನಡೆದದ್ದೆಲ್ಲ ಅಗೆತವೇ. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಎಲ್ಲ ಗಣಿಗಳಿಂದ ಸುಮಾರು 800 ಟನ್ ಚಿನ್ನ ಮೇಲೆ ಬಂದಿತಂತೆ. ನಮ್ಮ ಪಾಲಿಗೆ ಉಳಿದದ್ದು ಚಿನ್ನ ತೆಗೆದ ಮಣ್ಣಿನ ಬೂದು ಬಣ್ಣದ ಸೈನೈಡ್ ಗುಡ್ಡಗಳು. ಇಂಥ ಊರಿನಲ್ಲಿ ನಾಲ್ಕು ಬೆರಳು ಆಳದ ಗುಂಡಿ ತೋಡಿದ್ದಕ್ಕೆ ಒಂದು ಮರಿಯನ್ನು ಕಟ್ಟಿಹಾಕಿದವಳು ನಾನು.

ನಮ್ಮ ಯಜಮಾನರು ಗಣಿಯ ಸರ್ವೆ ವಿಭಾಗದಲ್ಲಿದ್ದರು. ಒಳಗೆ ಇಳಿಯುವಾಗ ಹಾಕುತ್ತಿದ್ದ ಒಂದು ಜೊತೆ ಬೂಟು ಗಣಿ ಮುಚ್ಚಿದ ಮೇಲೂ ಅವರ ಹತ್ತಿರವೇ ಉಳಿಯಿತು. ಭಾನುವಾರ ಸ್ನಾನ ಮುಗಿಸಿ ಅದಕ್ಕೆ ಪಾಲಿಶ್ ಹಾಕಿ ಬಿಸಿಲಿಗಿಡುತ್ತಿದ್ದರು. ಹಾಕಿಕೊಂಡು ಹೋಗಲು ಜಾಗವೇ ಇರಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷ. ಬೂಟು ಮಂಚದ ಕೆಳಗೆ ಹಾಗೆಯೇ ಇತ್ತು. ಕಾರ್ತಿಕ ಮಾಸದ ಒಂದು ಬೆಳಿಗ್ಗೆ ನಾನು ರೇಷನ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮರಿ ಹಗ್ಗ ಕಡಿದುಕೊಂಡು ಒಳಗೆ ಬಂದು ಬಲಗಾಲಿನ ಬೂಟನ್ನು ವರಾಂಡಕ್ಕೆ ಎಳೆದಿತ್ತು. ನಾಲಗೆಯ ಚರ್ಮ ಚೂರುಚೂರು. ಹಿಮ್ಮಡಿಯ ಹತ್ತಿರ ಅದರ ರಕ್ತದ ಕಲೆ.

ಆ ರಕ್ತ ಏನೆಂದು ನಾನು ಕೇಳಿಕೊಳ್ಳಲಿಲ್ಲ. ಪೊರಕೆಯ ಹಿಡಿ ತಿರುಗಿಸಿ ಹೊಡೆದೆ. ಎಷ್ಟು ಹೊಡೆದೆ ಎಂದು ಲೆಕ್ಕವಿಲ್ಲ. ಪಕ್ಕದ ಮನೆಯಾಕೆಯೇ ಓಡಿ ಬಂದು "ಸಾಕಕ್ಕಾ, ಸಾಕು" ಎಂದು ಕೈ ಹಿಡಿದಳು. ಎರಡು ಏಟು ಎಂದು ಹೇಳಿದ್ದವಳು ಅವಳೇ.

ಮಾರನೆಯ ದಿನ ನಾನು ವರಾಂಡಕ್ಕೆ ಬಂದರೆ ಮರಿ ಕಿವಿ ಹಿಂದಕ್ಕೆ ಅಂಟಿಸಿ, ಬಾಲ ಮುದುರಿ, ನೆಲಕ್ಕೆ ಹೊಟ್ಟೆ ತಾಗಿಸಿ ನನ್ನ ಕಣ್ಣು ತಪ್ಪಿಸುತ್ತಿತ್ತು. "ನೋಡು, ಮಾಡಿದ ತಪ್ಪು ಅದಕ್ಕೆ ಗೊತ್ತು" ಎಂದು ನಾನು ಮೊಮ್ಮಗನಿಗೆ ಹೇಳಿದೆ. ಮಕ್ಕಳಿಗೆ ಪಾಠ ಹೇಳಿದ ಬಾಯಿ, ಸಮಾಧಾನವಾಗಿ ಹೇಳಿತು.

ವಾರದ ಮೇಲೆ ಗಾಳಿಗೆ ಒಣಹಾಕಿದ್ದ ನನ್ನ ಸೀರೆ ಹಗ್ಗದಿಂದ ಕೆಳಗೆ ಬಿದ್ದಿತ್ತು. ಬಿದ್ದದ್ದನ್ನು ಅಡಿಗೆಮನೆಯ ಕಿಟಕಿಯಿಂದ ನಾನೇ ಕಂಡಿದ್ದೆ; ಮರಿ ಆಗ ಅಂಗಳದ ಆ ಕೊನೆಯಲ್ಲಿ ನಿದ್ದೆಯಲ್ಲಿತ್ತು. ಮಣ್ಣಾದ ಸೀರೆ ಕೈಗೆತ್ತಿಕೊಂಡು, ಮತ್ತೆ ಒಗೆಯಬೇಕಲ್ಲ ಎಂದು ಮುಖ ಸಿಂಡರಿಸಿ ತಿರುಗಿದೆ. ಎದ್ದು ಕೂತಿದ್ದ ಮರಿ ಅದೇ ಕಿವಿ, ಅದೇ ಬಾಲ, ಅದೇ ಕಳ್ಳನೋಟ! ಏನೂ ಮಾಡದ ಪ್ರಾಣಿ ತಪ್ಪೊಪ್ಪಿಕೊಳ್ಳುತ್ತಿತ್ತು. ಸೀರೆ ಹಿಡಿದು ನಾನು ಅಲ್ಲೇ ನಿಂತೆ.

ಆಮೇಲೆ ಮಗನಿಂದ ತಿಳಿಯಿತು, ಇದನ್ನು ಪರೀಕ್ಷೆ ಮಾಡಿ ನೋಡಿದವರೇ ಇದ್ದಾರೆ. ಅಮೆರಿಕದಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬಾಕೆ 14 ನಾಯಿಗಳ ಮೇಲೆ ಮಾಡಿದ ಪ್ರಯೋಗವನ್ನು 2009ರಲ್ಲಿ ಪ್ರಕಟಿಸಿದಳು. ಯಜಮಾನರು ತಿನಿಸು ಮುಟ್ಟಬೇಡ ಎಂದು ನಾಯಿಗೆ ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು. ಒಳಗೆ ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಲಾಗುತ್ತಿತ್ತು. ತಿಂದಿದೆ ಎಂದು ನಂಬಿದವರು ಬೈದರು. ಬೈಸಿಕೊಂಡ ನಾಯಿಗಳೆಲ್ಲ ಅಪರಾಧಿಯ ಮುಖ ಮಾಡಿದವು. ತಿನ್ನದೆ ಬೈಸಿಕೊಂಡವು ಇನ್ನೂ ಹೆಚ್ಚಾಗಿ ಮಾಡಿದವು. ನಾವು ತಪ್ಪೊಪ್ಪಿಗೆ ಎಂದು ಓದುವ ಆ ಮುಖ ನಮ್ಮ ಸಿಟ್ಟಿಗೆ ಬರುವ ಉತ್ತರ ಎಂದಾಯಿತು.

ರಕ್ತದ ಗುಟ್ಟು ಹೇಳಿದ್ದು ಪಶುವೈದ್ಯರು. ಮರಿಗೆ 28 ಹಾಲುಹಲ್ಲು. ನಾಲ್ಕನೇ ತಿಂಗಳ ಹೊತ್ತಿಗೆ ಅವು ಬೀಳತೊಡಗಿ, ಆರೇಳು ತಿಂಗಳಿಗೆ 42 ಹೊಸ ಹಲ್ಲು ಬಂದಿರುತ್ತವೆ. ಒಸಡು ಕೆರೆಯುತ್ತದೆ, ನೋಯುತ್ತದೆ, ಕಚ್ಚಿದರೆ ಹಿತ. ನಮ್ಮ ಕೂಸುಗಳಿಗೆ ಹಲ್ಲು ಬರುವಾಗ ನಾವು ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ತಿರುಗಿದವರಲ್ಲವೇ? "ಹೊಡೆದರೆ ಕಚ್ಚೋದು ನಿಲ್ಲಲ್ಲಮ್ಮ, ನಿಮ್ಮ ಮುಂದೆ ಕಚ್ಚೋದು ನಿಲ್ಲುತ್ತೆ ಅಷ್ಟೆ" ಎಂದರು ಆ ಡಾಕ್ಟರು. ಅರ್ಧ ಗಂಟೆಯ ಹಿಂದೆ ಮಾಡಿದ್ದಕ್ಕೂ ಈಗ ಬೀಳುವ ಏಟಿಗೂ ಸಂಬಂಧ ಅದಕ್ಕೆ ತಿಳಿಯುವುದಿಲ್ಲವಂತೆ. ಅಮ್ಮ ಹೊರಗಿನಿಂದ ಬಂದಳು, ಹೊಡೆದಳು, ಅಷ್ಟು ಮಾತ್ರ ತಿಳಿಯುತ್ತದೆ.

ಇಲ್ಲಿ ನನಗೆ ನೆನಪಾದದ್ದು ಮಹಾಭಾರತ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿ ನಮ್ಮೆಲ್ಲರಿಗೂ ಗೊತ್ತು. ಕಥೆಯ ಮೊದಲಲ್ಲೂ ಒಂದು ನಾಯಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ವ್ಯಾಸಭಾರತದ ಆದಿಪರ್ವದಲ್ಲಿ ಜನಮೇಜಯ ಕುರುಕ್ಷೇತ್ರದಲ್ಲಿ ದೀರ್ಘ ಯಾಗ ಮಾಡುತ್ತಿರುತ್ತಾನೆ. ದೇವಲೋಕದ ನಾಯಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿಯ ಹತ್ತಿರ ಹೋದಾಗ ಅವಳು ಮೊದಲು ಹೇಳುವುದೇನು ಗೊತ್ತೇ? ನೀನೇ ಏನೋ ತಪ್ಪು ಮಾಡಿರಬೇಕು ಎಂದು. ತಾಯಂದಿರ ಬುದ್ಧಿ ಎಲ್ಲ ಲೋಕದಲ್ಲೂ ಒಂದೇ! ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ಆ ಮಾತು ನಂಬಿ ನೇರ ಯಾಗಶಾಲೆಗೆ ಹೋಗಿ, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಷ್ಟು ಜನರಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಕಾಣದ ಭಯ ನಿನಗೆ ಬರಲಿ ಎಂದು ಅವಳು ಶಪಿಸುತ್ತಾಳೆ; ರಾಜ ನಡುಗುತ್ತಾನೆ.

ನನ್ನ ಮರಿ ತಪ್ಪು ಮಾಡಿರಲಿಲ್ಲವೇ? ಬೂಟು ಹರಿದದ್ದು ಸುಳ್ಳಲ್ಲ. ಹರಿದ ಬೂಟಿನ ಬೆಲೆ ನನಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಇಷ್ಟು ದಿನ ನಾನು ಹಾನಿಯನ್ನೂ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೆ. ನಷ್ಟ ಎಷ್ಟು ದೊಡ್ಡದೋ ಅಪರಾಧ ಅಷ್ಟು ದೊಡ್ಡದು, ಏಟೂ ಅಷ್ಟೇ. ಹಾಗಾದರೆ ಹಳೆಯ ಪೊರಕೆ ಕಚ್ಚಿದಾಗ ನಾನು ನಕ್ಕದ್ದೇಕೆ? ಮರಿಯ ಮಟ್ಟಿಗೆ ಪೊರಕೆಯೂ ಬೂಟೂ ಒಂದೇ. ನಡುವೆ ಬದಲಾದದ್ದು ನನ್ನ ಸಂಕಟ. ಅದನ್ನು ಇಳಿಸಿಕೊಳ್ಳಲು ಒಂದು ಬೆನ್ನು ಬೇಕಿತ್ತು.

ಇನ್ನೊಂದು ಸಂಗತಿಯೂ ಇದೆ. 2001ರಲ್ಲಿ ಗಣಿ ಮುಚ್ಚಿದ ಬೇಸಿಗೆ ನಮ್ಮ ಯಜಮಾನರು ಹಿತ್ತಲನ್ನು ಅಗೆದರು. ಸಸಿ ನೆಡಲಲ್ಲ, ಸುಮ್ಮನೆ. ಬೆಳಿಗ್ಗೆ ಹಾರೆ ಹಿಡಿದು ಹೋದರೆ ಊಟಕ್ಕೆ ಬರುವರು. ಅಗೆದದ್ದನ್ನು ಮುಚ್ಚಿ ಮತ್ತೊಂದು ಕಡೆ ಅಗೆಯುವರು. "ಏನು ಹುಚ್ಚು ನಿಮಗೆ" ಎಂದು ನಾನು ಬೈದೆ. ಲೈನುಗಳಲ್ಲಿ ಗಂಡಸರು ಕಟ್ಟೆಯ ಮೇಲೆ ಕೂತು ಉಗುರು ಕಚ್ಚುತ್ತಿದ್ದ, ಮಾತಿಗೆ ಮಾತು ಬೆಳೆಸಿ ಹೊಡೆದಾಡುತ್ತಿದ್ದ ಕಾಲ ಅದು. ಜೀವವಿರುವ ಪ್ರಾಣಿಯ ಕೈಯಿಂದ ಕೆಲಸ ಕಿತ್ತುಕೊಂಡು ಕಂಬಕ್ಕೆ ಕಟ್ಟಿದರೆ ಅದು ಹಗ್ಗ ಕಚ್ಚುತ್ತದೆ. ಇದನ್ನು ಅಂದೇ ತಿಳಿಯಬೇಕಿತ್ತು.

ಅದೇ ಬೇಸಿಗೆಯಲ್ಲಿ ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ಇನ್ನೂರು ರೂಪಾಯಿ ಕಾಣೆಯಾಯಿತು. ನನ್ನ ಖಾಸಗಿ ಶಾಲೆಯ ಸಂಬಳದಲ್ಲಿ ಮಿಗಿಸಿದ್ದು. ಮಗನಿಗೆ ಹತ್ತು ವರ್ಷ. ಕರೆದು ನಿಲ್ಲಿಸಿದೆ; ತಲೆ ತಗ್ಗಿಸಿದ. ತಲೆ ತಗ್ಗಿಸಿದನಲ್ಲ, ಅಷ್ಟು ಸಾಕಾಯಿತು ನನಗೆ. ಶಾಲೆಯಿಂದ ತಂದಿದ್ದ ಮರದ ಸ್ಕೇಲಿನಿಂದ ಅಂಗೈ ಕೆಂಪಾಗುವವರೆಗೆ ಹೊಡೆದೆ. ಎಂಟು ದಿನದ ಮೇಲೆ ಯಜಮಾನರ ಶರ್ಟು ಒಗೆಯುವಾಗ ಜೇಬಿನಲ್ಲಿ ಬೆಂಗಳೂರಿನ ರೈಲು ಟಿಕೆಟ್ಟುಗಳು ಸಿಕ್ಕವು. ನನಗೆ ಹೇಳಲು ನಾಚಿ, ಕೆಲಸ ಕೇಳಿಕೊಂಡು ಹೋಗಿ ಬರುತ್ತಿದ್ದರು. ಟಿಕೆಟ್ಟು ಒಲೆಗೆ ಹಾಕಿದೆ. ಅವರಿಗೂ ಕೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಸರಮೆ ತನ್ನ ಮರಿಯನ್ನು ಒಂದು ಮಾತು ಕೇಳಿದ್ದಳು. ನಾನು ಅದನ್ನೂ ಮಾಡಿರಲಿಲ್ಲ.

ಮರಿಯ ವಿಷಯ ಸುಧಾರಿಸಿದ್ದು ಸಣ್ಣ ಸಣ್ಣ ಉಪಾಯಗಳಿಂದ. ಹಳೆಯ ಹತ್ತಿ ಬಟ್ಟೆಯನ್ನು ಗಂಟು ಹಾಕಿ ನೆನೆಸಿ ಫ್ರೀಜರಿನಲ್ಲಿಟ್ಟು ಕೊಡುತ್ತೇನೆ; ತಣ್ಣಗಿರುವುದನ್ನು ಅಗಿಯುತ್ತ ಗಂಟೆಗಟ್ಟಲೆ ಕೂರುತ್ತದೆ. ಬಟ್ಟೆ ಎಳೆ ಬಿಡತೊಡಗಿದರೆ ತೆಗೆದುಬಿಡಬೇಕು, ನುಂಗಿದರೆ ಕಷ್ಟ. ಬೆಂದ ಕೋಳಿಮೂಳೆ ಬೇಡವೇ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಬೇಡದ್ದನ್ನು ಬಾಯಲ್ಲಿ ಹಿಡಿದರೆ ಕಿತ್ತುಕೊಳ್ಳುವುದಿಲ್ಲ, ಬೇರೆ ಏನಾದರೂ ತೋರಿಸಿ ಬದಲಿಗೆ ಪಡೆಯುತ್ತೇನೆ. ವೈರು, ಚಪ್ಪಲಿಗಳನ್ನು ಮೇಲೆತ್ತಿ ಇಡುವ ಶಿಸ್ತು ಮರಿಗಿಂತ ಮೊದಲು ನಾವು ಕಲಿಯಬೇಕಾಯಿತು. ಬೆಳಿಗ್ಗೆ ಸಂಜೆ ಸ್ಟೇಷನ್ ರಸ್ತೆಯಲ್ಲಿ ನಡೆಸುತ್ತೇನೆ. ಸೈನೈಡ್ ಗುಡ್ಡದ ಕಡೆ ಬಿಡುವುದಿಲ್ಲ, ಆ ಮಣ್ಣು ಅಗೆಯುವುದು ಒಳ್ಳೆಯದಲ್ಲ. ಹಿತ್ತಲಿನ ಮೂಲೆಯಲ್ಲಿ ಮೂರಡಿ ಜಾಗಕ್ಕೆ ಮರಳು ಸುರಿಸಿ, ಅದರೊಳಗೆ ಮುದ್ದೆಯ ಚೂರು ಹೂತಿಡುತ್ತೇನೆ. ಬೇರೆಡೆ ಅಗೆದರೆ ಎತ್ತಿ ತಂದು ಇಲ್ಲಿ ಬಿಡುವುದು. ಹದಿನೈದು ದಿನದಲ್ಲಿ ಕಲಿತುಕೊಂಡಿತು. ಹೊಸ ಕನಕಾಂಬರ ಚಿಗುರಿದೆ, ಒಂದೆರಡು ಗಿಡ ಹೋದವು, ಹೋಗಲಿ.

ಪುಷ್ಯದ ಒಂದು ಭಾನುವಾರ ಮಗ ನನ್ನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದ. ಇಪ್ಪತ್ತನಾಲ್ಕು ವರ್ಷದ ಮಾತನ್ನು ಹೇಗೆ ತೆಗೆಯುವುದು? ತೆಗೆದೆ. ಡಬ್ಬಿಯ ದುಡ್ಡು ನೀನು ತೆಗೆದಿರಲಿಲ್ಲ, ನನಗೆ ಆಗಲೇ ಗೊತ್ತಾಗಿತ್ತು, ತಪ್ಪಾಯಿತು ಎಂದೆ.

ಅವನು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದ. "ಅಪ್ಪ ತಗೊಳ್ಳೋದನ್ನ ನೋಡಿದ್ದೆ ಕಣಮ್ಮ. ಅಮ್ಮನಿಗೆ ಹೇಳಬೇಡ ಅಂದಿದ್ರು."

"ಮತ್ತೆ ತಲೆ ಯಾಕೆ ತಗ್ಗಿಸಿದೆ?"

"ನಿನ್ನ ಕೈಯಲ್ಲಿ ಸ್ಕೇಲ್ ಇತ್ತಲ್ಲಮ್ಮ" ಎಂದ.

ಇನ್ನೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಿಪ್ಪೆಯ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದ. ಮರಳಿನ ಮೂಲೆಯಲ್ಲಿ ರಾಕಿ ಮೂತಿ ಪೂರ್ತಿ ಒಳಗಿಟ್ಟು ಅಗೆಯುತ್ತಿತ್ತು, ಮರಳು ಅವನ ಕಾಲಿನ ಮೇಲೆ ಎರಚಿತು. "ಏನೋ, ಚಿನ್ನ ಸಿಕ್ಕಿತೇನೋ" ಎಂದು ಅವನು ಕೇಳುವುದು ಒಳಗೆ ಕೇಳಿಸಿತು. ಒಂದೇ ಬೂಟು ಈಗ ಮಂಚದ ಕೆಳಗಿದೆ. ಇನ್ನೊಂದನ್ನು ಮರಿಗೇ ಕೊಟ್ಟುಬಿಡು ಎಂದು ಮೊಮ್ಮಗ ಹೇಳುತ್ತಾನೆ. ಅಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ. ಅಟ್ಟದ ಮೇಲೆ ಎತ್ತಿಡಿಸಬೇಕು.