ಖುಷ್ಕಿ ಹೊಲದ ಲೆಕ್ಕ ಮತ್ತು ಶ್ರಾವಕನ ವಿವೇಕ

ಒಂದು ಉದ್ಯೋಗವು ಬಾಳುವಂತಹುದೋ ಅಲ್ಲವೋ ಎಂದು ನಿರ್ಣಯಿಸಲು ವರ್ತಕರಲ್ಲಿ ಒಂದು ಸರಳ ರೂಢಿಯಿದೆ. ವರ್ಷಾಂತ್ಯದಲ್ಲಿ ಜಮಾ-ಖರ್ಚು ತಾಳೆ ನೋಡಿ, ಲಾಭವಿದ್ದರೆ ಮುಂದುವರಿಸುವುದು, ಸತತ ನಷ್ಟವಾದರೆ ಮುಚ್ಚುವುದು. ಇದೇ ಅಳತೆಗೋಲನ್ನು ಎರಡು ಎಕರೆಯ ಖುಷ್ಕಿ ಜಮೀನಿಗೆ ಹಿಡಿದು, ಇಂತಹ ಬೇಸಾಯ ಉಳಿಯತಕ್ಕದ್ದಲ್ಲ ಎಂದು ತೀರ್ಪು ಕೊಡುವವರು ಇಂದು ಹಲವರಿದ್ದಾರೆ. ಆ ತೀರ್ಪು ನ್ಯಾಯವಾದುದೇ ಎಂಬುದು ಕೃಷಿಶಾಸ್ತ್ರದ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದು. ತೀರ್ಪು ಕೊಡುವವರು ಒಬ್ಬರು, ಅದರ ಫಲವನ್ನು ಉಣ್ಣುವವರು ಮತ್ತೊಬ್ಬರು.

ಚಾಮರಾಜನಗರ ಜಿಲ್ಲೆಯ ಪೂರ್ವಭಾಗವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಯಳಂದೂರಿಗೆ ಸುವರ್ಣಾವತಿಯ ನೀರಿದೆ. ಕೊಳ್ಳೇಗಾಲದ ಬಯಲಿನಲ್ಲಿ ಕಾಲುವೆ, ಭತ್ತದ ಗದ್ದೆ, ಹಿಪ್ಪುನೇರಳೆ ತೋಟಗಳಿವೆ. ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟದ ದಾರಿ ಹಿಡಿದರೆ ಆ ಹಸಿರು ಮುಗಿದು, ಆಕಾಶವನ್ನೇ ನಂಬಿದ ಕೆಂಪುಮಣ್ಣಿನ ಹೊಲಗಳು ಮೊದಲಾಗುತ್ತವೆ. ಇಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ. ಬೆಟ್ಟದ ನಡುವಿನ ಊರುಗಳಲ್ಲಿ ಸೋಲಿಗರೂ ಬೇಡಗಂಪಣರೂ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದಿದ್ದಾರೆ. 2013ರಲ್ಲಿ ಸುತ್ತಣ ಅರಣ್ಯವು ವನ್ಯಜೀವಿಧಾಮವಾಯಿತು. ರಾಜ್ಯದಲ್ಲಿ ಸರಾಸರಿ ಹಿಡುವಳಿಯೇ 2015–16ರ ಕೃಷಿಗಣತಿಯಂತೆ 1.36 ಹೆಕ್ಟೇರ್. ಅದರಲ್ಲಿ ನೀರಾವರಿಯ ಜಮೀನೂ ಸೇರಿದೆ ಎಂಬುದನ್ನು ವಾಚಕರು ಗಮನಿಸಬೇಕು.

ಈ ಸೀಮೆಯ ಹಳೆಯ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ, ಜೋಳ ಬೆರೆತು ಬೆಳೆಯುತ್ತಿದ್ದವು. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗುತ್ತಿತ್ತು, ಇನ್ನೊಂದು ನಿಲ್ಲುತ್ತಿತ್ತು. ಬಾಡಿದ ರಾಗಿ ಮತ್ತೆ ಹನಿ ಬಿದ್ದರೆ ಚೇತರಿಸಿಕೊಳ್ಳುತ್ತದೆ. ಅದರ ಕಾಳಿಗೆ ಹುಳು ಬೀಳುವುದು ಬಹು ಅಪರೂಪ. ಹಗೇವಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹುಲ್ಲು ದನಕ್ಕೆ, ದನದ ಗೊಬ್ಬರ ಹೊಲಕ್ಕೆ, ಬೀಜ ಮನೆಯ ಮಡಕೆಯಲ್ಲೇ.

ಈಗ ಆ ಹೊಲಗಳಲ್ಲಿ ಬಹಳಷ್ಟನ್ನು ಮುಸುಕಿನ ಜೋಳ ಆಕ್ರಮಿಸಿದೆ. ಕಾರಣ ಸ್ಪಷ್ಟ: ದುಡಿಮೆ ಕಡಿಮೆ, ಇಳುವರಿ ಹೆಚ್ಚು, ಕೋಳಿ ಮೇವಿನ ಕಾರ್ಖಾನೆಗಳಿಂದ ಬೇಡಿಕೆ, ಕೈಗೆ ಒಡನೆ ಹಣ. ಆದರೆ ಸಂಕರ ಬೀಜವನ್ನು ಪ್ರತಿವರ್ಷ ಕೊಳ್ಳಬೇಕು, ರಸಗೊಬ್ಬರಕ್ಕೆ ಸಾಲ ತರಬೇಕು. ಸೂಲಂಗಿ ಒಡೆಯುವ ಹೊತ್ತಿನಲ್ಲಿ ಎರಡು ವಾರ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ, ಸಾಲ ಮಾತ್ರ ಉಳಿಯುತ್ತದೆ.

ಇಲ್ಲಿ ಲೆಕ್ಕಶಾಸ್ತ್ರದ ಒಂದು ಮೂಲತತ್ತ್ವವನ್ನು ನೆನೆಯಬೇಕು. ಬಂಡವಾಳವನ್ನು ಕರಗಿಸಿ ಪಡೆದ ಹಣವನ್ನು ಲಾಭವೆಂದು ಬರೆಯಲಾಗದು. ಯಂತ್ರದ ಸವಕಳಿಯನ್ನು ಕಳೆದ ಮೇಲೆಯೇ ಲಾಭ. ಹೊಲದ ಬಂಡವಾಳ ಯಾವುದು? ಮಣ್ಣಿನ ಸಾರ, ಮನೆಯ ಬೀಜ, ಕೊಟ್ಟಿಗೆಯ ದನ, ನೆಲದಡಿಯ ನೀರು. ಇವು ಸವೆಯುತ್ತಿದ್ದರೆ ಎಷ್ಟೇ ನಗದು ಬಂದರೂ ಆ ಬೇಸಾಯ ತನ್ನನ್ನೇ ತಿಂದು ಬದುಕುತ್ತಿದೆ ಎಂದರ್ಥ. ಇತ್ತ ರಾಗಿಯ ಹೊಲದ ಅವರೆಕಾಯಿ, ಸೊಪ್ಪು, ಹುಲ್ಲು ಯಾವವೂ ಸಂತೆಗೆ ಹೋಗದ ಕಾರಣ ಲೆಕ್ಕಕ್ಕೇ ಬರುವುದಿಲ್ಲ. ಆದುದರಿಂದ ಖುಷ್ಕಿ ಹೊಲವನ್ನು ಒಳ್ಳೆಯ ವರ್ಷದ ಲಾಭದಿಂದ ಅಳೆಯದೆ, ಕೆಟ್ಟ ವರ್ಷ ಕಳೆದ ಮೇಲೆ ಆ ಮನೆಯಲ್ಲಿ ಬೀಜವೂ ದನವೂ ಉಳಿದಿವೆಯೇ, ಹೊಸ ಸಾಲ ಬಂದಿದೆಯೇ ಎಂಬುದರಿಂದ ಅಳೆಯುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೊಗಳುವವರ ಜೊತೆ ನಾನು ಸೇರಲಾರೆ. ಆ ಮಿಶ್ರಬೆಳೆಯ ಹೊಲ ನಿಂತಿದ್ದುದು ಹೆಣ್ಣುಮಕ್ಕಳ ಬೆನ್ನಿನ ಮೇಲೆ. ಕಳೆ ಕೀಳುವುದು, ತೆನೆ ಕೊಯ್ಯುವುದು, ಬೀಜ ಆರಿಸುವುದು, ಬೀಸುವುದು, ಇವಕ್ಕೆ ಯಾರೂ ಕೂಲಿ ಬರೆದಿಲ್ಲ. ಆನೆ, ಹಂದಿ ಬಾರದಂತೆ ಅಟ್ಟಣೆಯಲ್ಲಿ ರಾತ್ರಿಯಿಡೀ ಕಾಯುವವನ ನಿದ್ದೆಗೂ ಬೆಲೆಯಿಲ್ಲ. ತರುಣರು ತಿರುಪ್ಪೂರಿನ ಉಡುಪು ಕಾರ್ಖಾನೆಗೋ ಕಲ್ಲಿನ ಕ್ವಾರಿಗೋ ಹೋಗಿ ಕಳುಹಿಸುವ ಹಣದಿಂದ ಎಷ್ಟೋ ಹೊಲಗಳು ಬೀಳಾಗದೆ ಉಳಿದಿವೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಟ್ಟದ ಇಂಡಿಗನತ್ತ ಗ್ರಾಮದವರು ಮೂಲಸೌಕರ್ಯವಿಲ್ಲವೆಂದು ಮತದಾನವನ್ನು ಬಹಿಷ್ಕರಿಸಿದರು. ಮತಗಟ್ಟೆ ಧ್ವಂಸವಾಗಿ ಮರುಮತದಾನ ನಡೆಯಬೇಕಾಯಿತು. ರಸ್ತೆಯೂ ಆಸ್ಪತ್ರೆಯೂ ಇಲ್ಲದ ಕಡೆ ಇದ್ದು ರಾಗಿ ಬೆಳೆಯಿರೆಂದು ಪಟ್ಟಣದವನು ಹೇಳುವುದು ಪರರ ತಪಸ್ಸಿನಿಂದ ಪುಣ್ಯ ಗಳಿಸುವ ಯತ್ನವಲ್ಲದೆ ಬೇರಲ್ಲ.

2025ರ ಜೂನ್ ತಿಂಗಳಲ್ಲಿ ಇದೇ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ವಿಷವಿಕ್ಕುವುದು ಸಂಕಲ್ಪೀ ಹಿಂಸೆ. ಅದಕ್ಕೆ ಯಾವ ನೆಪವೂ ಸಲ್ಲದು. ನೇಗಿಲ ಮೊನೆಗೆ ಸಿಕ್ಕ ಹುಳುವಿನ ಸಾವಿಗೂ ಇದಕ್ಕೂ ಇರುವ ಅಂತರವನ್ನು ನಮ್ಮ ಆಚಾರ್ಯರು ಸ್ಪಷ್ಟವಾಗಿ ತಿಳಿಸಿದ್ದಾರೆ. ಆದರೆ ಕೃತ, ಕಾರಿತ, ಅನುಮೋದಿತ ಎಂದು ಮೂರನ್ನೂ ಹೇಳಿದವರೂ ಅವರೇ. ಖುಷ್ಕಿ ರೈತನಿಗೆ ಹಸುವೆಂದರೆ ಹಾಲು, ಗೊಬ್ಬರ, ಆಪತ್ಕಾಲದ ಠೇವಣಿ ಎಲ್ಲವೂ ಹೌದು. ಹೊಲದಲ್ಲಿ ಮೇವಿನ ಹುಲ್ಲು ಕಡಿಮೆಯಾದಷ್ಟೂ ದನ ಕಾಡಿನತ್ತ ಸಾಗುತ್ತದೆ. ಕಾಡಿನೊಳಗೆ ಲಂಟಾನ ಹಬ್ಬಿ ಹುಲ್ಲುಗಾವಲು ಕುಗ್ಗಿದೆ. ಹುಲಿ ಉಳಿಯಲೆಂದು ಬಯಸುವುದು ಇಡೀ ನಾಡು. ಹುಲಿಯ ಬಾಯಿಗೆ ಹೋಗುವುದು ಒಂದು ಬಡಮನೆಯ ಕೊಟ್ಟಿಗೆ. ಈ ಹಂಚಿಕೆಯನ್ನು ಕಂಡೂ ಸುಮ್ಮನಿರುವವನು ಅನುಮೋದನೆಯ ಪಾಲಿನಿಂದ ಹೇಗೆ ಪಾರಾದಾನು?

ವ್ಯಾಪಾರಿಗಳಾದ ನಮ್ಮ ಪಾಲು ಇನ್ನೂ ಹತ್ತಿರದ್ದು. ಕೇಂದ್ರ ಸರ್ಕಾರವು 2025–26ಕ್ಕೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ, ಮುಸುಕಿನ ಜೋಳಕ್ಕೆ 2,400 ರೂಪಾಯಿ ಬೆಂಬಲ ಬೆಲೆ ನಿಗದಿಮಾಡಿತು. ಕಾಗದದ ಮೇಲೆ ರಾಗಿಯೇ ಮೇಲು. ಆದರೆ ನಾಲ್ಕು ಮೂಟೆ ಬೆಳೆದವನು ನೋಂದಣಿ, ಸಾಗಣೆ, ಹಣಕ್ಕಾಗಿ ಕಾಯುವಿಕೆ ಇವನ್ನೆಲ್ಲ ತಾಳಲಾರದೆ ಕಣದಲ್ಲೇ ಮಾರುತ್ತಾನೆ. ಸುಗ್ಗಿಯಲ್ಲಿ ಅವನ ಅವಸರವನ್ನು ನೋಡಿ ಬೆಲೆ ಇಳಿಸುವುದು ಪೇಟೆಯ ರೂಢಿ. ಅದನ್ನು ಜಾಣತನವೆನ್ನುವುದು ರೂಢಿಯ ಇನ್ನೊಂದು ಮುಖ.

ಬಸದಿಗಳ ಟ್ರಸ್ಟುಗಳು ಅನ್ನಸಂತರ್ಪಣೆಗೆ ವರ್ಷವಿಡೀ ಧಾನ್ಯ ಕೊಳ್ಳುತ್ತವೆ. ಅದರ ಒಂದು ಭಾಗವನ್ನು ಸುಗ್ಗಿಯ ಕಾಲದಲ್ಲಿ, ಬೆಂಬಲ ಬೆಲೆಗೆ ಕಡಿಮೆಯಾಗದಂತೆ, ತೂಕವಾದ ದಿನವೇ ಹಣಕೊಟ್ಟು ಇಂತಹ ಊರುಗಳಿಂದ ಕೊಳ್ಳಬಹುದು. ರಾಗಿ ಕೆಡುವುದಿಲ್ಲವಾದ್ದರಿಂದ ದಾಸ್ತಾನಿನ ಚಿಂತೆಯಿಲ್ಲ. ಒಂದು ಎಚ್ಚರ ಮಾತ್ರ ಬೇಕು: ರಾಗಿಯನ್ನಷ್ಟೇ ಕೇಳಿದರೆ ಮುಂದಿನ ವರ್ಷ ಹೊಲದಲ್ಲಿ ರಾಗಿಯೊಂದೇ ಇರುತ್ತದೆ. ಅದೇ ಮನೆಯ ಅವರೆ, ಹುಚ್ಚೆಳ್ಳು, ಸಾಸಿವೆಗಳನ್ನೂ, ಐದು ಸೇರಾದರೂ ಸರಿಯೇ, ಅದೇ ತಕ್ಕಡಿಯಲ್ಲಿ ತೂಗಿ ಕೊಳ್ಳಬೇಕು.