ಜೀರ್ಣೋದ್ಧಾರ ವಿಚಾರ

ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯವೆಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ರೂಢವಾಗಿರುವುದು. ಗುಡಿಯ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿಯನ್ನು ಬಿಟ್ಟ ಸಂಗತಿಯು ಕನ್ನಡ ಶಾಸನಗಳಲ್ಲಿ ಪದೇಪದೇ ಬರುತ್ತದೆ. ಆದರೆ ಉದ್ಧಾರವೆಂದರೇನು? ಸವೆದುದನ್ನು ತೆಗೆದು ಹೊಸದನ್ನು ಕೂಡಿಸಿದಾಗ ನಾವು ಆ ವಸ್ತುವನ್ನು ಉಳಿಸಿದೆವೋ, ಅದರ ಹೆಸರನ್ನು ಮಾತ್ರ ಉಳಿಸಿ ವಸ್ತುವನ್ನು ಕಳೆದೆವೋ? ಇದು ಪಂಡಿತರ ವಾದಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಮನೆಮನೆಯಲ್ಲಿಯೂ ಏಳುವ ಪ್ರಶ್ನೆಯು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹಾರ್ಮೋನಿಯಮ್ಮಿಗೆ ಪೇಟಿಯೆಂದು ಹೆಸರು. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೆನ್ ಎಂಬಾತನು 1842ರಲ್ಲಿ ಹಕ್ಕು ಪಡೆದ ಈ ವಾದ್ಯವು ಮೊದಲು ಕಾಲಿನಿಂದ ತಿದಿಯೊತ್ತುವ ದೊಡ್ಡ ಪೆಟ್ಟಿಗೆಯಾಗಿದ್ದಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದರು. ನಮ್ಮ ಸಂಗೀತದ ಗಮಕಗಳಿಗೂ ಶ್ರುತಿಸೂಕ್ಷ್ಮಕ್ಕೂ ಇದು ಒದಗದೆಂದು ಆಕಾಶವಾಣಿಯು 1940ರಿಂದ 1971ರವರೆಗೆ ಇದನ್ನು ಹೊರಗಿಟ್ಟಿದ್ದಿತು. ಆದರೂ ಭಜನೆಯ ಮನೆಯಿಂದಲೂ ನಾಟಕದ ರಂಗದಿಂದಲೂ ಇದು ಹೊರಬೀಳಲಿಲ್ಲ. ಬೆರಳು ಪಟ್ಟಿಯನ್ನೊತ್ತಿದಾಗ ಅದರಡಿಯ ಚರ್ಮದ ಮುಚ್ಚಳವು ಎದ್ದು, ತಿದಿಯ ಗಾಳಿಯು ಹಿತ್ತಾಳೆಯ ರೀಡನ್ನು ಅಲುಗಿಸಿ ಸ್ವರವು ಹುಟ್ಟುವುದು. ಕಾಲಾಂತರದಲ್ಲಿ ಚರ್ಮವು ಒಣಗುವುದು, ಗಾಳಿಯು ಸೋರುವುದು, ಪಟ್ಟಿಗಳು ಕುಸಿಯುವುವು. ಹೆಚ್ಚು ನುಡಿದ ಸ್ವರಗಳ ಬಿಳಿಯ ಪಟ್ಟಿಗಳು ಬೆರಳಿನ ಗುರುತಿಗೆ ತಗ್ಗಾಗುವುವು.

ಇಂತಹ ಒಂದು ಪೇಟಿಯ ನಿಮಿತ್ತವಾಗಿ ನಮ್ಮ ಭಾಗದ ಒಂದು ಭಜನಾ ಮಂಡಳಿಯಲ್ಲಿ ಎರಡು ಪಕ್ಷಗಳಾದುದನ್ನು ನಾನು ಬಲ್ಲೆನು. ಅದನ್ನು ಮೂವತ್ತು ವರುಷ ನುಡಿಸಿದವರು ತೀರಿಕೊಂಡಿದ್ದರು. ತರುಣರು, “ಪಟ್ಟಿಗಳನ್ನೆಲ್ಲ ಹೊಸದಾಗಿ ಹಾಕಿಸೋಣ; ಸ್ವರವೇ ಹೊರಡದ ಪೇಟಿಯಿಂದ ಏನು ಫಲ?” ಎಂದರು. ಹಿರಿಯರು, “ಆ ತಗ್ಗುಗಳೇ ಅವರ ಕೈ, ಅವನ್ನು ಕಿತ್ತರೆ ಅವರನ್ನು ಎರಡನೆಯ ಸಲ ಕಳೆದುಕೊಂಡಂತೆ” ಎಂದರು. ಮಾತು ಬೆಳೆದು ಎರಡು ಏಕಾದಶಿಗಳ ಭಜನೆಯೇ ನಿಂತಿತು. ನಾದವನ್ನು ಬೇಡುವವರೂ ನೆನಪನ್ನು ಕಾಯುವವರೂ ನ್ಯಾಯವನ್ನೇ ನುಡಿಯುತ್ತಿರುವಾಗ ತೀರ್ಪು ಕೊಡುವುದು ಸುಲಭವಲ್ಲ.

ಸಂಗೀತಕ್ಕೆ ದೂರವಾದ ಇನ್ನೊಂದು ವಸ್ತುವಿನಲ್ಲಿಯೂ ಇದೇ ಪ್ರಶ್ನೆಯು ಎದ್ದಿರುವುದು. 1978ರಲ್ಲಿ ಜಪಾನಿನಲ್ಲಿ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್-ಮ್ಯಾನ್’ ಎಂಬ ಆಟಗಳು ಹೊರಟ ಮೇಲೆ ನಾಣ್ಯ ಹಾಕಿ ಆಡುವ ಯಂತ್ರಗಳು ದೇಶದೇಶಗಳಲ್ಲಿ ಹರಡಿದವು. ಈಗ ಅವುಗಳನ್ನು ಹಳೆಯ ವಸ್ತುಗಳೆಂದು ಕೊಂಡು ಸರಿಪಡಿಸುವವರಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಂತಹದೊಂದನ್ನು ಕೊಂಡು, ಅದರ ಹಿಡಿಕೆ ಗುಂಡಿಗಳ ಫಲಕದ ವಿಷಯವಾಗಿ ನನಗೆ ಬರೆದನು. ಆಡುವವರ ಅಂಗೈ ತಾಗಿ ಮೇಲಿನ ಚಿತ್ರವು ಅಳಿಸಿಹೋಗಿದೆ. ಅಂಚಿನಲ್ಲಿ ಸಿಗರೇಟು ಸುಟ್ಟ ಕಲೆಗಳಿವೆ. ಹಳೆಯ ಆಟವನ್ನು ತೆಗೆದು ಹೊಸ ಆಟವನ್ನು ಹಾಕಿದ ಅಂಗಡಿಯವರು ಹೆಚ್ಚಿನ ಗುಂಡಿಗಳಿಗಾಗಿ ರಂಧ್ರಗಳನ್ನು ಕೊರೆದಿದ್ದಾರೆ. “ರಂಧ್ರಗಳನ್ನು ಮುಚ್ಚಿ, ಮೂಲದಂತೆಯೇ ಮುದ್ರಿಸಿದ ಹೊಸ ಹಾಳೆಯನ್ನು ಅಂಟಿಸಲೋ, ಇದ್ದಂತೆಯೇ ಬಿಡಲೋ?” ಎಂಬುದು ಅವನ ಪ್ರಶ್ನೆಯು. ಪೇಟಿಯ ಪಟ್ಟಿಗೂ ಈ ಫಲಕಕ್ಕೂ ಸಾಮ್ಯವು ಸ್ಪಷ್ಟವಾಗಿದೆ. ಎರಡೂ ಮನುಷ್ಯನ ಕೈ ತಾಗುವ ಸ್ಥಳಗಳು. ಆದುದರಿಂದಲೇ ಎಲ್ಲಕ್ಕಿಂತ ಮೊದಲು ಸವೆಯುವುವು. ಆದುದರಿಂದಲೇ ಎಲ್ಲಕ್ಕಿಂತ ಹೆಚ್ಚಾಗಿ ಸಾಕ್ಷಿ ನುಡಿಯುವುವು. ಯಾವ ಭಾಗವನ್ನು ಬದಲಿಸುವುದು ಅತ್ಯಂತ ಅವಶ್ಯವೋ ಅದೇ ಭಾಗವು ಉಳಿಸಲು ಅತ್ಯಂತ ಯೋಗ್ಯವಾದುದಾಗಿದೆ. ತೊಡಕು ಇರುವುದು ಇಲ್ಲಿ.

ಈ ವಿಷಯದಲ್ಲಿ ದರ್ಶನಕಾರರು ಏನೆನ್ನುವರು? ಅವಯವಿಯು ಅವಯವಗಳಿಗಿಂತ ಬೇರೆಯಾದ ವಸ್ತುವೆಂದು ನೈಯಾಯಿಕರ ಮತವು. ಬಟ್ಟೆಯಿಂದ ಒಂದು ನೂಲನ್ನು ಕಿತ್ತರೆ ಹಿಂದಿನ ಬಟ್ಟೆಯು ನಾಶವಾಗಿ ಖಂಡಪಟವೆಂಬ ಬೇರೊಂದು ಹುಟ್ಟುವುದು. “ಅದೇ ಇದು” ಎಂಬ ಪ್ರತ್ಯಭಿಜ್ಞೆಯು ಸಾಜಾತ್ಯದಿಂದ ಬಂದುದು. ಮಿಲಿಂದ ರಾಜನೊಡನೆ ಸಂವಾದಿಸಿದ ಬೌದ್ಧ ಭಿಕ್ಷು ನಾಗಸೇನನಾದರೋ, ರಥವೆಂಬುದು ಅಚ್ಚಲ್ಲ, ಗಾಲಿಯಲ್ಲ, ನೊಗವಲ್ಲ, ಅವುಗಳ ಹೊರಗಿನದೂ ಅಲ್ಲ, ವ್ಯವಹಾರದ ಹೆಸರು ಮಾತ್ರವೆಂದನು. ಗ್ರೀಕರಲ್ಲಿ ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೆ ಅದು ಅದೇ ಹಡಗೋ ಅಲ್ಲವೋ ಎಂಬ ಚರ್ಚೆಯಿದ್ದುದನ್ನು ಪ್ಲುಟಾರ್ಕನು ಹೇಳಿದ್ದಾನೆ. ಇವರೆಲ್ಲರ ವಾದಗಳು ಬುದ್ಧಿಯನ್ನು ಹರಿತಗೊಳಿಸುವುವು ನಿಜ. ಆದರೆ ಪಟ್ಟಿಯನ್ನು ಕೀಳಬೇಕೋ ಬೇಡವೋ ಎಂಬುದನ್ನು ಇವು ಹೇಳಲಾರವು. ವಸ್ತುವು ಅದೇ ಎಂದು ಸಿದ್ಧವಾದರೂ ಕಿತ್ತುದು ತಪ್ಪಾಗಬಹುದು. ಬೇರೆಯೆಂದು ಸಿದ್ಧವಾದರೂ ಕಿತ್ತುದು ಸರಿಯಾಗಬಹುದು. ತತ್ತ್ವದ ಪ್ರಶ್ನೆಯು ಒಂದು, ಧರ್ಮದ ಪ್ರಶ್ನೆಯು ಇನ್ನೊಂದು.

ಆಗಮಗಳು ಈ ಎರಡನೆಯ ಪ್ರಶ್ನೆಯ ಸಮೀಪಕ್ಕೆ ಬರುತ್ತವೆ. ಗುಡಿಯ ಜೀರ್ಣೋದ್ಧಾರಕ್ಕೆ ಮೊದಲು ಬಿಂಬದ ಕಲೆಯನ್ನು ಕುಂಭಕ್ಕೆ ಆಕರ್ಷಿಸಿ, ಬಾಲಾಲಯದಲ್ಲಿರಿಸಿ, ಕೆಲಸವು ಮುಗಿದ ಮೇಲೆ ಮತ್ತೆ ಪ್ರತಿಷ್ಠಿಸಬೇಕೆಂಬುದು ವಿಧಿಯು. ಇದರ ತಾತ್ಪರ್ಯವನ್ನು ಗಮನಿಸಬೇಕು. ಕಲ್ಲು ಬದಲಾಗಬಹುದು, ಆದರೆ ಪೂಜೆಯು ನಡುವೆ ಕಡಿಯಬಾರದು. ಉಳಿಯಬೇಕಾದುದು ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಆಶ್ರಯವನ್ನು ಒದಗಿಸಿದ ಮೇಲೆಯೇ ಉಳಿಯನ್ನು ಕೈಗೆತ್ತಿಕೊಳ್ಳಬೇಕು.

ಹೀಗೆ ಗೊತ್ತುಮಾಡಿಕೊಳ್ಳದಿದ್ದರೆ ಏನಾಗುವುದೆಂಬುದಕ್ಕೆ ನಿದರ್ಶನವು ನಮ್ಮ ಭೀಮಾತೀರದಲ್ಲಿಯೇ ಇದೆ. ಜೇವರ್ಗಿಯಿಂದ ಹೊಳೆಯ ಕೆಳಗಡೆಗೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದೊಳಗಿನ ಕಾಳಿಯ ಗುಡಿಯು ಕುಸಿದ ಬಳಿಕ, ದೇವಿಯ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನಗಳಿರುವುದು 1989ರಲ್ಲಿ ಬೆಳಕಿಗೆ ಬಂದಿತು. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಚಚ್ಚೌಕವಾದ ಕಂಡಿಯನ್ನು ಕೊರೆದಿದ್ದುದರಿಂದ ಅಲ್ಲಿದ್ದ ಅಕ್ಷರಗಳು ಹೋದವು. ಕೊರೆದವರನ್ನು ನಿಂದಿಸುವುದು ನ್ಯಾಯವಲ್ಲ. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಆಗ ಇರಲಿಲ್ಲ. ಪ್ರಿನ್ಸೆಪ್ಪನು ಅದನ್ನು ಓದಿದುದು 1837ರಲ್ಲಿ. ಅವರು ಮಾಡಿದುದು ಭಕ್ತಿಯ ಕಾರ್ಯವೇ; ಕಲ್ಲು ಇಂದಿನವರೆಗೆ ಉಳಿದುದೂ ಅದರಿಂದಲೇ ಇರಬಹುದು. ಆದರೂ ಆ ಕಂಡಿಯು ನಮಗೆ ಒಂದು ಪಾಠವನ್ನು ಹೇಳುವುದು: ನಮ್ಮ ಕಣ್ಣಿಗೆ ಬರಿಯ ಕಲ್ಲಾಗಿರುವುದು ಮುಂದಿನವರಿಗೆ ಬರೆಹವಾಗಬಹುದು. ಇಂದು ಆ ಕಂಡಿಯನ್ನು ಹೊಸ ಕಲ್ಲಿನಿಂದ ತುಂಬಿ ಊಹೆಯ ಅಕ್ಷರಗಳನ್ನು ಕೆತ್ತಿದರೆ ಅದು ಉದ್ಧಾರವೆನಿಸದು; ಸುಳ್ಳು ಸಾಕ್ಷಿಯೆನಿಸುವುದು.

ಸ್ಥಾವರ ಜಂಗಮಗಳ ಭೇದವು ಶರಣರ ನಾಡಿನವರಾದ ನಮಗೆ ಹೊಸದಲ್ಲ. ಅದನ್ನು ಇಲ್ಲಿ ಬೇರೊಂದು ಅರ್ಥದಲ್ಲಿ ಬಳಸಲು ಅಪ್ಪಣೆಯಾಗಲಿ. ಕೆಲವು ವಸ್ತುಗಳು ತಮ್ಮ ಕೆಲಸವನ್ನು ಮುಗಿಸಿ ಸಾಕ್ಷಿಗಳಾಗಿ ನಿಂತಿವೆ. ಸನ್ನತಿಯ ಚಪ್ಪಡಿಯು ಅಂತಹುದು. ಇವು ಸ್ಥಾವರಗಳು, ಇವುಗಳನ್ನು ಮುಟ್ಟದೆ ಕಾಯುವುದೇ ಧರ್ಮವು. ಇನ್ನು ಕೆಲವು ಇಂದಿಗೂ ಕೆಲಸ ಮಾಡುತ್ತಿವೆ; ಅವು ಜಂಗಮಗಳು. ಜಂಗಮವನ್ನು ನೆನಪಿನ ಹೆಸರಿನಲ್ಲಿ ಕಟ್ಟಿಹಾಕಿದರೆ ಅದು ಸಾಯುವುದು. ಅರಿವೆ ಸುತ್ತಿ ನಾಗೊಂದಿಗೆಯ ಮೇಲಿಟ್ಟ ಪೇಟಿಯ ತಿದಿಯನ್ನು ಇಲಿ ಕಡಿಯುವುದು, ಮರವನ್ನು ಗೆದ್ದಲು ತಿನ್ನುವುದು. ಶೋಕದಿಂದ ಮಾಡಿದ ರಕ್ಷಣೆಯೂ ಒಂದು ಬಗೆಯ ಉಪೇಕ್ಷೆಯೇ ಆಗಬಲ್ಲುದು.

ಜಂಗಮ ವಸ್ತುವನ್ನು ಸರಿಪಡಿಸುವವನು ಮೂರು ನಿಯಮಗಳನ್ನು ಪಾಲಿಸಬೇಕೆಂದು ನನ್ನ ಅಭಿಪ್ರಾಯವು. ಮೊದಲನೆಯದು, ಮರಳಿಸಬಹುದಾದ ಕೆಲಸವನ್ನು ಮರಳಿಸಲಾಗದ ಕೆಲಸಕ್ಕಿಂತ ಮೊದಲು ಮಾಡುವುದು. ರೀಡಿನ ತುದಿಯನ್ನು ಕೆರೆದರೆ ಸ್ವರವು ಏರುವುದು, ಬುಡವನ್ನು ಕೆರೆದರೆ ಇಳಿಯುವುದು. ಆದರೆ ಕೆರೆದ ಹಿತ್ತಾಳೆಯು ಮರಳಿ ಬಾರದು. ಧೂಳನ್ನು ತೆಗೆದು ನೋಡುವುದಕ್ಕೆ ಮೊದಲೇ ಅರವನ್ನು ಹಿಡಿಯುವವನು ಅವಿವೇಕಿಯು. ಎರಡನೆಯದು, ತೆಗೆದುದನ್ನು ಎಸೆಯದಿರುವುದು. ಕಿತ್ತ ಪಟ್ಟಿಗಳನ್ನು, ಅವು ಯಾರ ಕೈಯಿಂದ ಸವೆದುವು, ಎಂದು ತೆಗೆದೆವು ಎಂಬ ಚೀಟಿಯೊಡನೆ ಕಟ್ಟಿಡಬೇಕು. ಮೂರನೆಯದು, ಹೊಸದನ್ನು ಹಳೆಯದೆಂದು ತೋರಿಸದಿರುವುದು. ಹೊಸ ಪಟ್ಟಿಗೆ ಬಣ್ಣ ಬಳಿದು ಸವೆದಂತೆ ಮಾಡುವವನು ಸತ್ತವರ ಕೈಯನ್ನು ಅಪಹರಿಸಿದಂತೆಯೇ ಸರಿ.

ಇದನ್ನನುಸರಿಸಿ ನನ್ನ ವಿದ್ಯಾರ್ಥಿಗೆ ಬರೆದ ಉತ್ತರವು ಹೀಗಿದ್ದಿತು: ಯಂತ್ರವು ಆಡುವುದಕ್ಕೆಂದೇ ಇದ್ದರೆ ಹೊಸ ಫಲಕವನ್ನು ಮಾಡಿಸು, ಹಳೆಯದನ್ನು ರಂಧ್ರಗಳೊಡನೆಯೂ ಕಲೆಗಳೊಡನೆಯೂ ಹಾಗೆಯೇ ತೆಗೆದಿಡು; ಮುಂದೆ ಎಂದಾದರೂ ಮಾರುವೆಯಾದರೆ ಕೊಳ್ಳುವವನಿಗೆ ಎರಡನ್ನೂ ಕೊಟ್ಟು ನಿಜವನ್ನು ಹೇಳು.

ಮಂಡಳಿಯ ಪೇಟಿಗೆ ಈ ಉತ್ತರವು ಸಾಲದು. ಏಕೆಂದರೆ ಅದು ಒಬ್ಬನ ಸೊತ್ತಲ್ಲ. ಹಲವರ ವಸ್ತುವನ್ನು ಉದ್ಧರಿಸುವಾಗ ಹಲವರ ಸಮ್ಮತಿಯೂ ಉದ್ಧಾರದ ಒಂದು ಅಂಗವೇ. ಕಡೆಗೆ ತೀರ್ಮಾನವಾದುದು ತೀರಿಕೊಂಡವರ ಹೆಂಡತಿಯ ಮಾತಿನಿಂದ. “ಅವರು ಇದ್ದಿದ್ದರೆ ಪೇಟಿ ಸುಮ್ಮನಿರೂದನ್ನ ಸಹಿಸ್ತಿದ್ದಿಲ್ಲ” ಎಂದಷ್ಟೇ ಆ ತಾಯಿ ಹೇಳಿದಳು. ಚರ್ಮವನ್ನೆಲ್ಲ ಬದಲಿಸಿದರು, ತಿದಿಗೆ ತೇಪೆ ಹಾಕಿದರು, ತೀರ ಕೆಟ್ಟ ನಾಲ್ಕು ಪಟ್ಟಿಗಳನ್ನು ತೆಗೆದು ಆಕೆಯ ಕೈಗೆ ಕೊಟ್ಟರು, ಉಳಿದ ತಗ್ಗುಗಳನ್ನು ಹಾಗೆಯೇ ಬಿಟ್ಟರು. ಈಗ ಅದನ್ನು ನುಡಿಸುತ್ತಿರುವ ಹುಡುಗನ ಬೆರಳುಗಳು ಆ ತಗ್ಗುಗಳಲ್ಲಿಯೇ ಇಳಿಯುತ್ತವೆ. ಹೊಸ ನಾಲ್ಕು ಪಟ್ಟಿಗಳನ್ನು ಅವನೇ ಸವೆಸಬೇಕು. ಹಿಂದಿನವರಿಂದ ಪಡೆದುದನ್ನು ದುಡಿಸುತ್ತ, ಅದರ ನಿಜವನ್ನು ಮರೆಮಾಡದೆ ಮುಂದಿನವರಿಗೆ ಒಪ್ಪಿಸುವುದೇ ಜೀರ್ಣೋದ್ಧಾರವೆಂಬುದನ್ನು ವಾಚಕರು ತಮ್ಮ ತಮ್ಮ ಮನೆಯ ಹಳೆಯ ವಸ್ತುಗಳನ್ನು ಮುಂದಿಟ್ಟುಕೊಂಡು ವಿಚಾರಿಸಲಿ.