ಹೊಗೆಸೊಪ್ಪಿನ ಹಿಡಿತ, ಬಿಡಿಸಿಕೊಳ್ಳುವ ದಾರಿ

ಹೊಗೆಸೊಪ್ಪಿನ ಗಿಡ ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಬೇರಿನಲ್ಲಿ ತಯಾರಿಸಿ ಎಲೆಯಲ್ಲಿ ಕೂಡಿಡುವ ವಿಷವೇ ನಿಕೋಟಿನ್. ಅನಂತಪುರ ಜಿಲ್ಲೆಯ ಸೆಟ್ಟೂರಿನಂಥ ಗಡಿಸೀಮೆಯ ಊರುಗಳಲ್ಲಿ ಅದು ಮೈಸೇರುವುದು ಬೀಡಿ, ಸಿಗರೇಟು, ಗುಟ್ಕಾ ಹಾಗೂ ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪಿನಿಂದ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ. 28.6 ಮಂದಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4; ಕೆಲವರು ಎರಡೂ ಲೆಕ್ಕದಲ್ಲಿದ್ದಾರೆ.

ಹೊಗೆಯಲ್ಲಿನ ನಿಕೋಟಿನ್ 10–20 ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಜಗಿದಾಗ ತುಸು ನಿಧಾನ. ಆದರೆ ಸುಣ್ಣ ಬೆರೆತರೆ ಬಾಯಿಯ ಒಳಪೊರೆ ಅದನ್ನು ಬೇಗ ಹೀರುತ್ತದೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸಿ ಹಿತವೆನಿಸುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯುತ್ತಲೇ ಚಡಪಡಿಕೆ, ಸಿಡುಕು ತಲೆಯೆತ್ತುತ್ತವೆ. ಮುಂದಿನ ಬೀಡಿ ಕೊಡುವ ನೆಮ್ಮದಿಯೆಂದರೆ ಹಿಂದಿನ ಬೀಡಿ ಹುಟ್ಟಿಸಿದ ಸಂಕಟ ತಣಿಯುವುದಷ್ಟೇ. ಇದು ಮನವರಿಕೆಯಾದರೆ ಬಿಡುವ ಕೆಲಸ ಅರ್ಧ ಹಗುರ.

ನಿಕೋಟಿನ್ ಎದೆಬಡಿತ, ರಕ್ತದೊತ್ತಡ ಏರಿಸಿ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಗರ್ಭದಲ್ಲಿರುವ ಕೂಸಿನ ಬೆಳವಣಿಗೆಗೂ ಕೇಡು. ಕ್ಯಾನ್ಸರಿಗೆ ಮುಖ್ಯ ಕಾರಣ ತಂಬಾಕಿನಲ್ಲಿರುವ ನೈಟ್ರೋಸಮೈನ್ ಎಂಬ ರಾಸಾಯನಿಕಗಳು ಮತ್ತು ಹೊಗೆಯ ಟಾರು. ಬೀಡಿ ಸಿಗರೇಟಿಗಿಂತ ಸೌಮ್ಯವೆಂಬುದು ತಪ್ಪು: ಅದು ಬೇಗ ಆರುವುದರಿಂದ ಮತ್ತೆ ಮತ್ತೆ, ಬಲವಾಗಿ ಎಳೆಯಬೇಕಾಗುತ್ತದೆ. ಜಗಿಯುವ ತಂಬಾಕು ಬಾಯಿ, ಅನ್ನನಾಳಗಳ ಕ್ಯಾನ್ಸರಿಗೆ ದಾರಿ.

ಚಟವು ಹೊತ್ತಿಗೆ ಅಂಟಿಕೊಂಡಿರುತ್ತದೆ: ಊಟವಾದ ಮೇಲೆ, ಚಹಾದ ಜೊತೆ, ಹೊಲದ ಕೆಲಸದ ನಡುವಿನ ಬಿಡುವಿನಲ್ಲಿ. ಒಂದು ವಾರ ಈ ಹೊತ್ತುಗಳನ್ನು ಬರೆದಿಟ್ಟು, ಬಿಡುವ ದಿನ ಗೊತ್ತುಮಾಡಿ, ಮನೆಯವರಿಗೆ ತಿಳಿಸಬೇಕು. ಬೆಂಕಿಪೊಟ್ಟಣ, ಸುಣ್ಣದ ಡಬ್ಬಿ ಜೇಬಿನಿಂದ ಹೋಗಬೇಕು. ಊಟವಾದ ಕೂಡಲೇ ಬಾಯಿ ತೊಳೆದು ಸೋಂಪು ಜಗಿಯಬಹುದು. ಆಸೆ ಕೆರಳಿದಾಗ ನೀರು ಕುಡಿದು ನಾಲ್ಕು ಹೆಜ್ಜೆ ನಡೆದರೆ ಕೆಲವೇ ನಿಮಿಷಗಳಲ್ಲಿ ಅದು ಇಳಿಯುತ್ತದೆ. ಸಂಕಟ ಎರಡು ಮೂರನೆಯ ದಿನ ತೀವ್ರವಾಗಿ, ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಅಗತ್ಯವಿದ್ದರೆ ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಬಹುದು. ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಕೂಡ ಇದೆ. ಒಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದಲ್ಲ; ಯಾವ ಹೊತ್ತು ಸೋಲಿಸಿತೆಂದು ನೋಡಿ ಮರುದಿನವೇ ಮತ್ತೆ ಹಿಡಿಯಬೇಕು.

ಸೇದುವುದನ್ನು ಬಿಟ್ಟವರ ರಕ್ತದಲ್ಲಿ ಹೊಗೆಯಿಂದ ಸೇರಿದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಂದೆರಡು ದಿನಗಳಲ್ಲಿ ಸಹಜಮಟ್ಟಕ್ಕಿಳಿಯುತ್ತದೆ. ಒಂದು ವರ್ಷ ದಾಟಿದರೆ, ಸೇದುತ್ತಲೇ ಇರುವವರಿಗೆ ಹೋಲಿಸಿದಾಗ, ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ.